ಪುಕ್ಕಟೆ ಕರೆಂಟಿನ ನಾಡಿನಲ್ಲಿ

ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೊರಟವರು ದಾರಿಯಲ್ಲಿ ಯಾವ ಊರಿಗೆ ಕೆರೆಯಿದೆ, ಯಾವ ತೋಪಿನಲ್ಲಿ ಎತ್ತು ಬಿಚ್ಚಬಹುದು, ಎಲ್ಲಿ ಹುಲ್ಲು ಸಿಗುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳುತ್ತಿದ್ದರು. ಕೆರೆಯ ನೀರಿಗಾಗಲಿ ತೋಪಿನ ನೆರಳಿಗಾಗಲಿ ಯಾರೂ ಕಾಸು ಕೇಳುತ್ತಿರಲಿಲ್ಲ. ಮೋಟಾರು ಗಾಡಿ ಬಂದ ಮೇಲೆ ಈ ವಿಚಾರಣೆ ನಿಂತುಹೋಯಿತು. ಪೆಟ್ರೋಲ್ ಬಂಕು ಎಲ್ಲ ಕಡೆಯೂ ಇದೆ, ದುಡ್ಡು ಎಣಿಸಿದರಾಯಿತು. ಈಗ ಬ್ಯಾಟರಿಯಿಂದ ಓಡುವ ಕಾರುಗಳು ಬಂದು ಆ ಹಳೆಯ ವಿಚಾರಣೆ ಮತ್ತೆ ಶುರುವಾಗಿದೆ. ಮುಂದಿನ ಚಾರ್ಜಿಂಗ್ ಕಂಬ ಎಲ್ಲಿದೆ? ಅಲ್ಲಿ ಸಾಲು ಎಷ್ಟು ಉದ್ದ? ದುಡ್ಡು ಕೊಡಬೇಕೋ, ಪುಕ್ಕಟೆಯೋ?

ಕೊನೆಯ ಪ್ರಶ್ನೆ ವಿಚಿತ್ರವೆನಿಸಬಹುದು. ಪುಕ್ಕಟೆಯಾಗಿ ಪೆಟ್ರೋಲ್ ಹಾಕುವ ಬಂಕು ಲೋಕದಲ್ಲಿ ಎಲ್ಲಿಯೂ ಇಲ್ಲ. ಆದರೆ ಪುಕ್ಕಟೆಯಾಗಿ ಕರೆಂಟು ಕೊಡುವ ಕಂಬಗಳು ಬೀದಿಬೀದಿಯಲ್ಲಿ ನಿಂತಿದ್ದ ಒಂದು ದೇಶ ಉಂಟು. ಅಂಥ ಕೆಲವು ಕಂಬಗಳು ಅಲ್ಲಿ ಇಂದಿಗೂ ಸಿಗುತ್ತವೆ. ಅದು ಯೂರೋಪಿನ ಉತ್ತರ ಅಂಚಿನಲ್ಲಿರುವ ನಾರ್ವೆ. ಅಲ್ಲಿ ಕಾರು ಬಾಡಿಗೆಗೆ ಹಿಡಿದು ರಾಜಧಾನಿ ಓಸ್ಲೋದಿಂದ ಪಶ್ಚಿಮ ಕರಾವಳಿಯ ಬರ್ಗೆನ್‌ವರೆಗೆ ಹೋಗುವ ಪ್ರವಾಸಿಗೆ ಹಿಮ, ಜಲಪಾತ, ಸೇಬಿನ ತೋಟಗಳ ಜೊತೆಗೆ ಒಂದು ದೊಡ್ಡ ಪಾಠವೂ ಸಿಗುತ್ತದೆ. ಪುಕ್ಕಟೆ ಎಂಬ ಮಾತಿನ ಅರ್ಥವೇನು ಎಂಬುದೇ ಆ ಪಾಠ.

ಬಿಳಿ ಕಲ್ಲಿದ್ದಲು

ನಾರ್ವೆ ಉದ್ದನೆಯ, ಇಕ್ಕಟ್ಟಾದ ದೇಶ. ಜನಸಂಖ್ಯೆ ಸುಮಾರು 55 ಲಕ್ಷ. ಅಂದರೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲ. ಪಶ್ಚಿಮದ ಸಮುದ್ರದಿಂದ ಬರುವ ಮೋಡಗಳು ಎತ್ತರದ ಬೆಟ್ಟಗಳಿಗೆ ಬಡಿದು ಮಳೆಯಾಗಿ, ಹಿಮವಾಗಿ ಬೀಳುತ್ತವೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಆಗುಂಬೆಗೆ ಮಳೆ ಸುರಿಯುವ ಕಾರಣವೂ ಇದೇ. ಹಾಗೆ ಬಿದ್ದ ನೀರು ಬೆಟ್ಟದ ನೆತ್ತಿಯ ಸರೋವರಗಳಲ್ಲಿ ನಿಂತು, ಅಲ್ಲಿಂದ ಸಾವಿರ ಮೀಟರ್ ಕೆಳಗಿರುವ ಕಡಲಿನ ಕಡೆಗೆ ಧುಮುಕುತ್ತದೆ. ಈ ನೀರನ್ನು ಕೊಳವೆಗೆ ಹಾಯಿಸಿ ವಿದ್ಯುತ್ ತೆಗೆಯುವುದನ್ನು ಅಲ್ಲಿನವರು ನೂರು ವರ್ಷಕ್ಕೂ ಹಿಂದೆಯೇ ಕಲಿತರು. ನೀರಿಗೆ ಅವರು ಇಟ್ಟ ಅಡ್ಡಹೆಸರು ‘ಬಿಳಿ ಕಲ್ಲಿದ್ದಲು’.

ಇಂದು ನಾರ್ವೆಯ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 90 ಪಾಲು ನೀರಿನಿಂದಲೇ ಬರುತ್ತದೆ. ಉಳಿದುದರ ಬಹುಪಾಲು ಗಾಳಿಯದು. ಮನೆ ಬೆಚ್ಚಗಿಡುವುದಕ್ಕೂ ಅಲ್ಲಿ ಸೌದೆ, ಕಲ್ಲಿದ್ದಲಿಗಿಂತ ಕರೆಂಟೇ ಹೆಚ್ಚು ಬಳಕೆ. ವಿದ್ಯುತ್ ಹೇರಳವಾಗಿರುವ, ಅದೂ ಹೊಗೆಯಿಲ್ಲದೆ ಸಿಗುವ ದೇಶದಲ್ಲಿ ಕಾರನ್ನೂ ಅದರಿಂದಲೇ ಓಡಿಸಬಾರದೇಕೆ ಎಂಬ ಯೋಚನೆ ಹುಟ್ಟಿದ್ದು ಸಹಜ. ಆದರೆ ಯೋಚನೆ ರಸ್ತೆಗೆ ಇಳಿಯಲು ಸ್ವಲ್ಪ ತುಂಟತನ ಬೇಕಾಯಿತು.

ಸುಂಕ ಕಟ್ಟದ ಕಾರು

1989ರಲ್ಲಿ ನಾರ್ವೆಯ ಪರಿಸರ ಹೋರಾಟಗಾರ ಫ್ರೆಡೆರಿಕ್ ಹೌಗೆ ಮತ್ತು ಅಲ್ಲಿನ ಹೆಸರಾಂತ ಪಾಪ್ ಸಂಗೀತ ತಂಡ ‘ಆ-ಹಾ’ದ ಇಬ್ಬರು ಸದಸ್ಯರು ಸ್ವಿಟ್ಜರ್ಲೆಂಡಿನಿಂದ ಒಂದು ಪುಟ್ಟ ಫಿಯಟ್ ಪಾಂಡಾ ಕಾರನ್ನು ತಂದರು. ಅದರ ಎಂಜಿನ್ ತೆಗೆದು ಮೋಟಾರು, ಬ್ಯಾಟರಿ ಕೂಡಿಸಲಾಗಿತ್ತು. ಹೊಗೆಯುಗುಳದ ಗಾಡಿಗೆ ಸುಂಕ ಏಕೆ ಎಂದು ಕೇಳುತ್ತ ಅವರು ಸುಂಕದ ಕಟ್ಟೆಗಳನ್ನು ಹಣ ಕಟ್ಟದೆಯೇ ದಾಟತೊಡಗಿದರು. ದಂಡದ ಚೀಟಿಗಳು ಬಂದವು. ಅವರು ಅದನ್ನೂ ಕಟ್ಟಲಿಲ್ಲ. ಕೊನೆಗೆ ಅಧಿಕಾರಿಗಳು ಕಾರನ್ನು ಜಪ್ತಿ ಮಾಡಿ ಹರಾಜಿಗಿಟ್ಟರು. ಅಂಥ ಕಾರು ಬೇರೆ ಯಾರಿಗೆ ಬೇಕು? ಅದರ ಒಡೆಯರೇ ಅಲ್ಪ ಬೆಲೆಗೆ ಅದನ್ನು ಹರಾಜಿನಲ್ಲಿ ಕೊಂಡು ಮತ್ತೆ ಸುಂಕದ ಕಟ್ಟೆಯ ಕಡೆಗೆ ಓಡಿಸಿದರು. ಪತ್ರಿಕೆಗಳಿಗೆ ಇದು ಹಬ್ಬವಾಯಿತು, ಸರ್ಕಾರಕ್ಕೆ ಮುಜುಗರವಾಯಿತು.

ಮುಂದೆ ರಿಯಾಯಿತಿಗಳು ಒಂದೊಂದಾಗಿ ಬಂದವು. 1990ರಲ್ಲಿ ಆಮದು ತೆರಿಗೆ ಬಿಟ್ಟರು. 1997ರ ಹೊತ್ತಿಗೆ ರಸ್ತೆ ಸುಂಕ ಹೋಯಿತು. 1999ರಲ್ಲಿ ನಗರಸಭೆಗಳ ಜಾಗದಲ್ಲಿ ಕಾರು ನಿಲ್ಲಿಸುವುದು ಪುಕ್ಕಟೆಯಾಯಿತು. ವಿದ್ಯುತ್ ಕಾರಿನ ಗುರುತು ಹಿಡಿಯಲು ‘ಇಎಲ್’ ಅಕ್ಷರಗಳ ನಂಬರ್ ಫಲಕ ಬಂದದ್ದೂ ಆಗಲೇ. 2001ರಲ್ಲಿ ಮಾರಾಟ ತೆರಿಗೆ ಮನ್ನಾ ಆಯಿತು. 2005ರಲ್ಲಿ ಬಸ್ಸುಗಳ ಪ್ರತ್ಯೇಕ ಪಥದಲ್ಲಿ ಓಡಿಸಲು ಅನುಮತಿ ಸಿಕ್ಕಿತು. 2009ರಲ್ಲಿ ಕಡಲತೋಳು ದಾಟಿಸುವ ಸರ್ಕಾರಿ ದೋಣಿಗಳಲ್ಲಿ ಕಾರಿನ ಬಾಬ್ತು ಕೊಡಬೇಕಾದ ದರವೂ ರದ್ದಾಯಿತು.

ಆ ಕಾಲದಲ್ಲಿ ನಾರ್ವೆಯ ರಸ್ತೆಗಳಲ್ಲಿ ಓಡಾಡಿದ ಬೆರಳೆಣಿಕೆಯ ವಿದ್ಯುತ್ ಕಾರುಗಳಲ್ಲಿ ನಮ್ಮ ಬೆಂಗಳೂರಿನದೂ ಒಂದಿತ್ತು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಚೇತನ್ ಮೈನಿ ಅವರ ತಂಡ ರೂಪಿಸಿ 2001ರಲ್ಲಿ ಮಾರುಕಟ್ಟೆಗೆ ತಂದ ‘ರೇವಾ’ ಎಂಬ ಎರಡು ಬಾಗಿಲಿನ ಪುಟ್ಟ ಕಾರು ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಿತು, ನಾರ್ವೆಯಲ್ಲಿಯೂ ಮಾರಾಟವಾಯಿತು. ಸೀಸ ಮತ್ತು ಆಮ್ಲದ ಬ್ಯಾಟರಿಯ ಆ ಕಾರು ಒಮ್ಮೆ ಚಾರ್ಜು ಮಾಡಿದರೆ ಹೆಚ್ಚೆಂದರೆ 80 ಕಿ.ಮೀ. ಹೋಗುತ್ತಿತ್ತು. ಅಂಥ ಕಾರಿಗೆ ಬೀದಿಯ ಬದಿಯ ಸಾಕೆಟ್ ಅನ್ನದಾತನಿದ್ದಂತೆ.

ಕೋಟೆಯ ಕೆಳಗಿನ ಲಾಯ

ಬೀದಿಬದಿಯ ಸಾಕೆಟ್ ಹುಟ್ಟಿದ್ದು ಹೀಗೆ. ಕಾರು ಕೊಳ್ಳಲು ಜನ ಹಿಂಜರಿಯುತ್ತಿದ್ದರು. ಚಾರ್ಜು ಮಾಡಲು ಜಾಗವಿಲ್ಲ ಎಂದು ಅವರ ದೂರು. ಕಾರುಗಳೇ ಇಲ್ಲವಾದ್ದರಿಂದ ಕಂಬ ನೆಡಲು ಯಾವ ವ್ಯಾಪಾರಿಯೂ ಮುಂದೆ ಬರುತ್ತಿರಲಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಪರಿಸ್ಥಿತಿ. ಗಂಟು ಬಿಡಿಸಲು ಓಸ್ಲೋ ನಗರಸಭೆ 2008ರಿಂದ ತಾನೇ ನೂರಾರು ಕಂಬಗಳನ್ನು ನೆಟ್ಟಿತು. ನಿಲ್ಲಿಸುವುದೂ ಪುಕ್ಕಟೆ, ಕರೆಂಟೂ ಪುಕ್ಕಟೆ.

ಓಸ್ಲೋ ಬಂದರಿನ ಮೇಲೆ ಸುಮಾರು 700 ವರ್ಷ ಹಳೆಯದಾದ ಆಕರ್ಸ್‌ಹುಸ್ ಕೋಟೆ ಇದೆ. ರಾಜರು ಬಾಳಿದ, ಶತ್ರುಗಳು ಮುತ್ತಿಗೆ ಹಾಕಿದ ಕೋಟೆ ಅದು. ಅದರ ಬುಡದ ಬಂಡೆಯೊಳಗೆ ಕಾರು ನಿಲ್ಲಿಸುವ ನೆಲಮಾಳಿಗೆಯೊಂದಿದೆ. ಹಿಂದಿನ ದಶಕದಲ್ಲಿ ಅಲ್ಲಿ ವಿದ್ಯುತ್ ಕಾರುಗಳಿಗಾಗಿಯೇ ಸಾಲುಸಾಲು ಚಾರ್ಜಿಂಗ್ ಕಟ್ಟೆಗಳನ್ನು ಕೂಡಿಸಿದರು. ಮೇಲೆ ಕೋಟೆಯ ಬುರುಜು, ಕೆಳಗೆ ಸದ್ದಿಲ್ಲದೆ ಕರೆಂಟು ಕುಡಿಯುವ ಕಾರುಗಳು. ಹಳೆಯ ಕಾಲದ ಕುದುರೆ ಲಾಯ ಹೊಸ ರೂಪದಲ್ಲಿ ಮರಳಿ ಬಂದಂತೆ.

ಆದರೆ ಪುಕ್ಕಟೆ ಸಿಗುವುದಕ್ಕೆ ಇರುವ ರೋಗ ಇದಕ್ಕೂ ತಗಲಿತು. ಬೆಳಿಗ್ಗೆ ಎಂಟಕ್ಕೆ ಪ್ಲಗ್ಗು ಚುಚ್ಚಿದವನ ಬ್ಯಾಟರಿ ಹನ್ನೊಂದಕ್ಕೆ ತುಂಬಿದರೂ ಕಾರು ಸಂಜೆಯವರೆಗೆ ಅಲ್ಲೇ ಇರುತ್ತಿತ್ತು. ಕರೆಂಟಿಗಿಂತ ಹೆಚ್ಚಾಗಿ ಪುಕ್ಕಟೆ ನಿಲುಗಡೆಯೇ ಅವನಿಗೆ ಬೇಕಾದದ್ದು. ನಿಜವಾಗಿ ಚಾರ್ಜು ಬೇಕಿದ್ದವನು, ಅದರಲ್ಲೂ ದೂರದಿಂದ ಬಂದ ಪ್ರವಾಸಿ, ಒಂದು ಕಂಬದಿಂದ ಇನ್ನೊಂದಕ್ಕೆ ಸುತ್ತಬೇಕಾಗುತ್ತಿತ್ತು. ಕಂಬಗಳು ಏರಿದಂತೆ ಕಾರುಗಳು ಅದಕ್ಕಿಂತ ವೇಗವಾಗಿ ಏರಿದವು. 2019ರ ಮಾರ್ಚ್‌ನಲ್ಲಿ ಓಸ್ಲೋ ನಗರಸಭೆ ತನ್ನ ಬೀದಿ ಕಂಬಗಳಿಗೆ ಗಂಟೆಯ ಲೆಕ್ಕದಲ್ಲಿ ಶುಲ್ಕ ಹಾಕಿತು. ಅದೇ ವರ್ಷ ನಗರದ ಸುತ್ತಲಿನ ರಸ್ತೆ ಸುಂಕವೂ ವಿದ್ಯುತ್ ಕಾರುಗಳಿಗೆ ಮರಳಿ ಬಂತು.

ಅಷ್ಟರಲ್ಲಿ ಕೆಲಸ ಆಗಿಹೋಗಿತ್ತು. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಬರೀ ವಿದ್ಯುತ್ತಿನವು. ಆ ವರ್ಷದ ಸೆಪ್ಟೆಂಬರಿನಲ್ಲಿ ರಸ್ತೆಯ ಮೇಲಿರುವ ವಿದ್ಯುತ್ ಕಾರುಗಳ ಸಂಖ್ಯೆ ಪೆಟ್ರೋಲ್ ಕಾರುಗಳ ಸಂಖ್ಯೆಯನ್ನು ಮೀರಿತು. ಜಗತ್ತಿನಲ್ಲಿ ಹೀಗಾದದ್ದು ಅಲ್ಲಿಯೇ ಮೊದಲು.

ದಾರಿ ಹಿಡಿದ ಮೇಲೆ

ಓಸ್ಲೋ ಬಿಟ್ಟು 7ನೆಯ ನಂಬರಿನ ಹೆದ್ದಾರಿ ಹಿಡಿದರೆ ಬರ್ಗೆನ್ ಸುಮಾರು 480 ಕಿ.ಮೀ. ದಾರಿ ಮೊದಲು ಹೋನೆಫಾಸ್ ಎಂಬ ಊರು ಮುಟ್ಟುತ್ತದೆ. ಅವರ ಭಾಷೆಯಲ್ಲಿ ‘ಫಾಸ್’ ಎಂದರೆ ಜಲಪಾತ. ಊರ ನಡುವೆಯೇ ನೀರು ಧುಮುಕುತ್ತದೆ, ಅದಕ್ಕೆ ಅಂಟಿಕೊಂಡೇ ವಿದ್ಯುದಾಗಾರ. ಮುಂದೆ ಹಾಲಿಂಗ್‌ಡಾಲ್ ಕಣಿವೆ, ಗೋಲ್ ಎಂಬ ಪೇಟೆ, ಆಮೇಲೆ ಸುಮಾರು 800 ಮೀಟರ್ ಎತ್ತರದ ಗೈಲೋ. ಸ್ಥಳೀಯರ ಬಾಯಲ್ಲಿ ಅದು ‘ಯೈಲೋ’. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆ ಜನ ಮುಗಿಬೀಳುವ ಊರು.

ಈ ದಾರಿಯಲ್ಲಿ ಚಾರ್ಜು ಸಿಗುವ ಜಾಗಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಇದಕ್ಕೆ ವಿದ್ಯಾರ್ಥಿಗಳು ಸ್ವಲ್ಪ ಲೆಕ್ಕ ತಿಳಿದಿರಬೇಕು. ಮನೆಯ ಮೀಟರು ತೋರಿಸುವ ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್ ಶಕ್ತಿಯನ್ನು ಒಂದು ಗಂಟೆ ಬಳಸಿದಷ್ಟು. ಸಾಧಾರಣ ಗಾತ್ರದ ವಿದ್ಯುತ್ ಕಾರಿಗೆ 100 ಕಿ.ಮೀ. ಓಡಲು ಸುಮಾರು 18 ಯೂನಿಟ್ ಬೇಕು. ಕೊರೆಯುವ ಚಳಿಯಲ್ಲಿ ಇದು ಇನ್ನೂ ಹೆಚ್ಚು. ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ತಣ್ಣಗಾದಷ್ಟೂ ನಿಧಾನವಾಗುತ್ತದೆ, ಜೊತೆಗೆ ಕಾರಿನ ಒಳಗನ್ನು ಬೆಚ್ಚಗಿಡುವ ಖರ್ಚೂ ಬ್ಯಾಟರಿಯ ತಲೆಗೇ ಬೀಳುತ್ತದೆ.

ಮೊದಲನೆಯದು ಗೋಡೆಯ ಸಾಮಾನ್ಯ ಸಾಕೆಟ್. 230 ವೋಲ್ಟ್, 10 ಆಂಪಿಯರ್. ಗುಣಿಸಿದರೆ 2.3 ಕಿಲೋವಾಟ್. ಹತ್ತು ಗಂಟೆ ಚುಚ್ಚಿಟ್ಟರೆ 23 ಯೂನಿಟ್, ಅಂದರೆ ಸುಮಾರು 125 ಕಿ.ಮೀ. ಓಟ. ಎರಡನೆಯದು ಬೀದಿಬದಿಯ, ಹೋಟೆಲುಗಳ ಅಂಗಳದ ಸಾಧಾರಣ ಕಂಬ. ಇದು ಬಹುಪಾಲು ಕಾರುಗಳಿಗೆ ಗಂಟೆಗೆ 11 ಯೂನಿಟ್ ಕೊಡುತ್ತದೆ. ರಾತ್ರಿ ಮಲಗಿ ಏಳುವುದರೊಳಗೆ ಬ್ಯಾಟರಿ ತುಂಬಿರುತ್ತದೆ. ಮೂರನೆಯದು ಹೆದ್ದಾರಿಯ ಬದಿಯ ಶೀಘ್ರ ಚಾರ್ಜಿಂಗ್ ಕೇಂದ್ರ. 50ರಿಂದ 300 ಕಿಲೋವಾಟ್‌ವರೆಗಿನ ನೇರ ವಿದ್ಯುತ್ತನ್ನು ಕಾರಿಗೆ ತುಂಬುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ನೂರಿನ್ನೂರು ಕಿ.ಮೀ. ಓಟಕ್ಕೆ ಸಾಕಾಗುವಷ್ಟು ಸೇರಿರುತ್ತದೆ.

ಪುಕ್ಕಟೆ ಹುಡುಕುವವನು ಮೂರನೆಯದನ್ನು ಮರೆಯಬೇಕು. ಅದಕ್ಕೆ ಬೇಕಾದ ಯಂತ್ರ, ದಪ್ಪ ತಂತಿ, ಟ್ರಾನ್ಸ್‌ಫಾರ್ಮರು ಎಲ್ಲವೂ ದುಬಾರಿ. ಅಲ್ಲಿ ಯೂನಿಟ್ಟಿನ ಬೆಲೆ ಮನೆಯ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪುಕ್ಕಟೆ ಸಿಗುವುದು ಹೆಚ್ಚಾಗಿ ಎರಡನೆಯ ಬಗೆಯಲ್ಲಿ, ಸಮಯ ಕೊಡಬಲ್ಲವರಿಗೆ ಮಾತ್ರ. ಕೆಲವು ಹೋಟೆಲುಗಳು ತಂಗಿದ ಅತಿಥಿಗಳಿಗೆ ಬೆಳಗಿನ ತಿಂಡಿಯಂತೆ ಚಾರ್ಜನ್ನೂ ಕೋಣೆಯ ಬಾಡಿಗೆಯಲ್ಲೇ ಸೇರಿಸುತ್ತವೆ. ಕೆಲವು ಅಂಗಡಿಗಳು ಗಿರಾಕಿಯನ್ನು ಒಂದೆರಡು ಗಂಟೆ ಒಳಗೆ ಹಿಡಿದಿಡಲು ಹೊರಗೆ ಕಂಬ ನೆಡುತ್ತವೆ. ಒಳಗೆ ಖರ್ಚಾಗುವ ಹಣದ ಮುಂದೆ ಹೊರಗಿನ ಹತ್ತು ಯೂನಿಟ್ ಕರೆಂಟು ಅವರಿಗೆ ಲೆಕ್ಕಕ್ಕಿಲ್ಲ.

ಇವನ್ನು ಹುಡುಕುವ ಕಷ್ಟ ಈಗ ಕಡಿಮೆ. ಎಲ್ಲೆಲ್ಲಿ ಕಂಬವಿದೆ, ಅದರ ಬಲವೆಷ್ಟು, ಯಾವ ಬಗೆಯ ಪ್ಲಗ್ಗು ಎಂಬ ವಿವರಗಳ ‘ನೋಬಿಲ್’ ಎಂಬ ರಾಷ್ಟ್ರೀಯ ಪಟ್ಟಿ 2010ರಿಂದ ಎಲ್ಲರಿಗೂ ತೆರೆದಿದೆ. ಸರ್ಕಾರದ ಸಂಸ್ಥೆಯೂ 1995ರಲ್ಲಿ ಹುಟ್ಟಿದ ವಿದ್ಯುತ್ ಕಾರು ಮಾಲೀಕರ ಸಂಘವೂ ಕೂಡಿ ಮಾಡಿದ ಕೆಲಸ ಅದು. ಕಾರಿನ ಪರದೆಯ ಮೇಲೆ, ಮೊಬೈಲಿನಲ್ಲಿ ಕಾಣುವ ನಕ್ಷೆಗಳಿಗೆ ಇಂಥ ಪಟ್ಟಿಗಳೇ ಬೇರು. ಆದರೂ ಅನುಭವಸ್ಥರು ಪಾಲಿಸುವ ನಿಯಮ ಒಂದೇ. ನಕ್ಷೆಯಲ್ಲಿ ಪುಕ್ಕಟೆ ಎಂದು ಕಂಡದ್ದನ್ನು ನೆಚ್ಚಿ ಬ್ಯಾಟರಿಯನ್ನು ತಳ ಮುಟ್ಟಿಸಬಾರದು. ಹೋದಾಗ ಕಂಬ ಕೆಟ್ಟಿರಬಹುದು, ಬೇರೆಯವರ ಕಾರು ನಿಂತಿರಬಹುದು, ಇಲ್ಲವೇ ಹಿಂದಿನ ವಾರವಷ್ಟೇ ಶುಲ್ಕ ಬಂದಿರಬಹುದು. ಹಣ ಕೊಟ್ಟು ಪಡೆಯುವ ಇನ್ನೊಂದು ಕೇಂದ್ರವನ್ನು ತಲುಪುವಷ್ಟು ಶಕ್ತಿ ಯಾವಾಗಲೂ ಉಳಿದಿರಬೇಕು. ಈಸ್ಟರ್ ರಜೆಯಲ್ಲಿ ಇಡೀ ದೇಶವೇ ಬೆಟ್ಟದ ಮನೆಗಳಿಗೆ ಹೊರಟಾಗ ಈ ಊರುಗಳ ಚಾರ್ಜಿಂಗ್ ಕೇಂದ್ರಗಳಲ್ಲಿ ಉದ್ದುದ್ದ ಸಾಲು ನಿಲ್ಲುತ್ತದೆ. ಆಗ ದುಡ್ಡಿರುವವನೂ ಕಾಯಬೇಕು.

ಬೆಟ್ಟ ಕೊಡುವ ಕರೆಂಟು

ಗೈಲೋ ದಾಟಿದರೆ ಮರಗಳು ಕುಳ್ಳಗಾಗಿ, ಆಮೇಲೆ ಇಲ್ಲವೇ ಆಗುತ್ತವೆ. ಕಣ್ಣು ಹಾಯುವವರೆಗೂ ಬಂಡೆ, ಪಾಚಿ, ಸಣ್ಣಪುಟ್ಟ ಸರೋವರಗಳು. ಇದು ಹಾರ್ಡಾಂಗರ್ ಪ್ರಸ್ಥಭೂಮಿ. ಕಾಡು ಹಿಮಸಾರಂಗಗಳು ಹಿಂಡಾಗಿ ಅಲೆಯುವ ನೆಲ. 1981ರಲ್ಲಿ ಇಲ್ಲಿ ಘೋಷಿಸಿದ ರಾಷ್ಟ್ರೀಯ ಉದ್ಯಾನ ನಾರ್ವೆಯ ಮುಖ್ಯಭೂಮಿಯಲ್ಲಿಯೇ ಅತಿ ದೊಡ್ಡದು. ರಸ್ತೆ ಸುಮಾರು 1,250 ಮೀಟರ್ ಎತ್ತರಕ್ಕೆ ಏರುತ್ತದೆ. ಚಳಿಗಾಲದ ಬಿರುಗಾಳಿಯಲ್ಲಿ ಇಲ್ಲಿ ಒಂಟಿಯಾಗಿ ಹೋಗಲು ಬಿಡುವುದಿಲ್ಲ. ಹಿಮ ತೆಗೆಯುವ ಗಾಡಿಯ ಹಿಂದೆ ಕಾರುಗಳನ್ನು ಸಾಲುಗಟ್ಟಿ ಕರೆದೊಯ್ಯುತ್ತಾರೆ. ಅಂಥ ದಿನ ಬ್ಯಾಟರಿಯಲ್ಲಿ ಸಾಕಷ್ಟು ಶಕ್ತಿ ಇಲ್ಲದವನು ಗೈಲೋದಲ್ಲೇ ಉಳಿಯುವುದು ಜಾಣತನ.

ನೆತ್ತಿಯಿಂದ ಪಶ್ಚಿಮಕ್ಕೆ ಇಳಿಯುವ ದಾರಿಯಲ್ಲೇ ವಿಜ್ಞಾನದ ಸ್ವಾರಸ್ಯವಿರುವುದು. ಸುಮಾರು 40 ಕಿ.ಮೀ. ಅಂತರದಲ್ಲಿ ರಸ್ತೆ 1,250 ಮೀಟರಿನಿಂದ ಕಡಲ ಮಟ್ಟದ ಐಡ್‌ಫಿಯೋರ್ಡ್ ಎಂಬ ಹಳ್ಳಿಗೆ ಇಳಿಯುತ್ತದೆ. ಬೆಟ್ಟದೊಳಗೆ ಸುರುಳಿ ಸುತ್ತುವ ಸುರಂಗಗಳೂ ಇವೆ. ಪೆಟ್ರೋಲ್ ಕಾರಿನವನು ಇಲ್ಲಿ ಗಿಯರು ಇಳಿಸಿ, ಬ್ರೇಕು ಒತ್ತಿ, ಸುಟ್ಟ ವಾಸನೆ ಮೂಗಿಗೆ ಬಡಿಯುವಂತೆ ಇಳಿಯುತ್ತಾನೆ. ಅವನ ಕಾರು ಮೇಲೇರಲು ಖರ್ಚು ಮಾಡಿದ ಶಕ್ತಿಯೆಲ್ಲ ಬ್ರೇಕಿನ ಶಾಖವಾಗಿ ಗಾಳಿಗೆ ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ಹಾಗಿಲ್ಲ. ಇಳಿಜಾರಿನಲ್ಲಿ ಚಕ್ರಗಳು ಮೋಟಾರನ್ನು ತಿರುಗಿಸುತ್ತವೆ. ಮೋಟಾರು ಆಗ ಡೈನಮೋ ಆಗಿ ವಿದ್ಯುತ್ ಹುಟ್ಟಿಸಿ ಬ್ಯಾಟರಿಗೆ ಕಳಿಸುತ್ತದೆ. ಸೈಕಲ್ಲಿನ ಡೈನಮೋ ಹಚ್ಚಿದರೆ ತುಳಿಯುವುದು ಭಾರವಾಗುತ್ತದೆಯಲ್ಲ, ಅದೇ ಭಾರ ಇಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ.

ಎಷ್ಟು ಸಿಗುತ್ತದೆ? ಜನ, ಸಾಮಾನು ಸೇರಿ ಕಾರಿನ ತೂಕ 2,200 ಕಿಲೋ ಎನ್ನೋಣ. ದ್ರವ್ಯರಾಶಿ, ಗುರುತ್ವವೇಗೋತ್ಕರ್ಷ, ಎತ್ತರ, ಈ ಮೂರನ್ನು ಗುಣಿಸಬೇಕು. 2,200 × 9.8 × 1,250, ಅಂದರೆ ಸುಮಾರು 270 ಲಕ್ಷ ಜೌಲ್. ಒಂದು ಯೂನಿಟ್ಟಿಗೆ 36 ಲಕ್ಷ ಜೌಲ್. ಭಾಗಿಸಿದರೆ ಏಳೂವರೆ ಯೂನಿಟ್. ಸಮತಟ್ಟಿನ ಮೇಲೆ 40 ಕಿ.ಮೀ. ಓಡಲು ಬೇಕಾದದ್ದೂ ಸುಮಾರು ಏಳು ಯೂನಿಟ್ಟೇ. ಹಾಗಾಗಿ ಕಾರು ಐಡ್‌ಫಿಯೋರ್ಡ್ ತಲುಪಿದಾಗ ಬ್ಯಾಟರಿಯ ಅಂಕಿ ಹೆಚ್ಚುಕಡಿಮೆ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಕಡಿದಾದ ಇಳಿಜಾರಿನಲ್ಲಿ ಅದು ಏರುವುದೂ ಕಾಣುತ್ತದೆ. ಮಕ್ಕಳು ಕಿಟಕಿಯ ಹೊರಗಿನ ಜಲಪಾತ ಬಿಟ್ಟು ಆ ಅಂಕಿಯನ್ನೇ ನೋಡುತ್ತ ಕೂತರೆ ಆಶ್ಚರ್ಯವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಬೆಟ್ಟದ ಮೇಲೆಯೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಹೊರಟರೆ ಇಳಿಜಾರು ಕೊಡುವುದನ್ನು ಹಾಕಿಕೊಳ್ಳಲು ಜಾಗವಿರುವುದಿಲ್ಲ. ತುಂಬಿದ ಕೊಡಕ್ಕೆ ಮಳೆ ಸುರಿದಂತೆ.

ಇದೇ ನಿಜವಾದ ಪುಕ್ಕಟೆ ಚಾರ್ಜು ಎಂದು ಕೆಲವರು ಹಿಗ್ಗುತ್ತಾರೆ. ವಿದ್ಯಾರ್ಥಿಗಳು ಇಲ್ಲಿ ಮೋಸಹೋಗಬಾರದು. ಓಸ್ಲೋದ ಕಡಲ ಮಟ್ಟದಿಂದ ಆ ಎತ್ತರಕ್ಕೆ ಕಾರನ್ನು ಏರಿಸಿದಾಗ ಅದೇ ಏಳೂವರೆ ಯೂನಿಟ್ ಬ್ಯಾಟರಿಯಿಂದ ಹೋಗಿತ್ತು. ಬೆಟ್ಟ ಈಗ ಅದನ್ನು ಹಿಂದಿರುಗಿಸಿತು, ದಾರಿಯಲ್ಲಿ ಸ್ವಲ್ಪ ಮುರಿದುಕೊಂಡು. ಬೆಟ್ಟ ಒಳ್ಳೆಯ ಸಾಲಗಾರ, ದಾನಿಯಲ್ಲ.

ದಾರಿಯಲ್ಲಿ ವೋರಿಂಗ್ಸ್‌ಫಾಸೆನ್ ಜಲಪಾತ ಸಿಗುತ್ತದೆ. 182 ಮೀಟರ್ ಎತ್ತರ. 2020ರಲ್ಲಿ ಅದರ ನೆತ್ತಿಯ ಮೇಲೆ 99 ಮೆಟ್ಟಿಲುಗಳ ಕಾಲುಸೇತುವೆ ಕಟ್ಟಿದ್ದಾರೆ. ನಿಂತು ನೋಡಿದರೆ ನಮ್ಮವರಿಗೆ ಜೋಗ ನೆನಪಾಗದೆ ಇರದು. ನೆನಪಿಗೆ ಇನ್ನೊಂದು ಕಾರಣವೂ ಇದೆ. ಲಿಂಗನಮಕ್ಕಿ ಕಟ್ಟಿದ ಮೇಲೆ ಜೋಗದ ನೀರು ಇಳಿದಂತೆ ಇಲ್ಲಿಯೂ ಮೇಲಿನ ನೀರನ್ನು ಸೀಸೆನ್ ಅಣೆಕಟ್ಟು ಹಿಡಿದುಕೊಂಡು, ಸುರಂಗದ ಮೂಲಕ ಐಡ್‌ಫಿಯೋರ್ಡ್ ಬಳಿಯ ಸೀಮಾ ವಿದ್ಯುದಾಗಾರಕ್ಕೆ ಕಳಿಸುತ್ತದೆ. ಬೆಟ್ಟದ ಹೊಟ್ಟೆಯೊಳಗಿನ ಆ ವಿದ್ಯುದಾಗಾರದ ಸಾಮರ್ಥ್ಯ 1,120 ಮೆಗಾವಾಟ್. ನಮ್ಮ ಶರಾವತಿಯ 1,035 ಮೆಗಾವಾಟಿಗೆ ಸಮೀಪ. ಪ್ರವಾಸಿಗರಿಗಾಗಿ ಬೇಸಿಗೆಯ ತಿಂಗಳುಗಳಲ್ಲಿ ಜಲಪಾತಕ್ಕೆ ಸೆಕೆಂಡಿಗೆ ಕನಿಷ್ಠ 12 ಘನ ಮೀಟರ್ ನೀರು ಬಿಡಬೇಕೆಂಬ ಕಟ್ಟಳೆ ಇದೆ. ಉಳಿದ ಕಾಲದಲ್ಲಿ ಅದು ಸೊರಗುತ್ತದೆ. ಕಂಬದಲ್ಲಿ ಪುಕ್ಕಟೆ ಸಿಗುವ ಕರೆಂಟಿನ ಹಿಂದೆ ಹೀಗೆ ಒಂದು ಜಲಪಾತದ ಮೌನವೂ ಇರುತ್ತದೆ.

ಮುಂದೆ 2013ರಲ್ಲಿ ತೆರೆದ ಹಾರ್ಡಾಂಗರ್ ತೂಗುಸೇತುವೆ. ಎರಡು ಗೋಪುರಗಳ ನಡುವಿನ ಅಂತರ 1,310 ಮೀಟರ್. ಸೇತುವೆ ಮುಗಿದೊಡನೆ ರಸ್ತೆ ಬೆಟ್ಟದೊಳಕ್ಕೆ ನುಗ್ಗುತ್ತದೆ, ಒಳಗೆ ನೀಲಿ ಬೆಳಕಿನ ವೃತ್ತವೊಂದು ಕಾದಿರುತ್ತದೆ. ಆಮೇಲೆ ವಾಸ್ ಎಂಬ ಊರು, ಕೊನೆಗೆ ಮಳೆಯೂರು ಎಂದೇ ಹೆಸರಾದ ಬರ್ಗೆನ್. ಅಲ್ಲಿಂದ ಉತ್ತರಕ್ಕೆ ಹೋಗುವವರು ಲಾವಿಕ್ ಎಂಬಲ್ಲಿ ಸೋಗ್ನೆ ಕಡಲತೋಳನ್ನು ದೋಣಿಯಲ್ಲಿ ದಾಟಬೇಕು. ಕಾರುಗಳನ್ನು ಹೊತ್ತು ಬ್ಯಾಟರಿಯಿಂದಲೇ ಓಡುವ ಜಗತ್ತಿನ ಮೊದಲ ದೋಣಿ ‘ಆಂಪಿಯರ್’ 2015ರಲ್ಲಿ ಕೆಲಸ ಶುರುಮಾಡಿದ್ದು ಇಲ್ಲಿಯೇ. ದೋಣಿ ದಡ ಮುಟ್ಟಿ ಕಾರುಗಳು ಇಳಿದು ಹತ್ತುವ ಹತ್ತೇ ನಿಮಿಷದಲ್ಲಿ ಅದಕ್ಕೂ ಚಾರ್ಜು ಆಗಬೇಕು. ಹಳ್ಳಿಯ ಸಣ್ಣ ತಂತಿ ಅಷ್ಟು ಭಾರ ತಾಳದು. ಅದಕ್ಕಾಗಿ ದಡದಲ್ಲೊಂದು ದೊಡ್ಡ ಬ್ಯಾಟರಿ ಇಟ್ಟರು. ದೋಣಿ ಆಚೆ ಹೋದಾಗ ಅದು ನಿಧಾನವಾಗಿ ತುಂಬಿಕೊಳ್ಳುತ್ತದೆ, ದೋಣಿ ಬಂದಾಗ ಒಮ್ಮೆಗೇ ಸುರಿಯುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯ ತತ್ವವೇ ಇದು.

ಕೇಳದೆ ಚುಚ್ಚಿದರೆ

ಬೆಟ್ಟದ ಮೇಲೆ ಬೇಸಿಗೆಯ ಬಿಡಾರಗಳಿವೆ, ಮರದ ಬಾಡಿಗೆ ಮನೆಗಳಿವೆ. ಗೋಡೆಯಲ್ಲಿ ಸಾಕೆಟ್ ಕಂಡೊಡನೆ ಪ್ಲಗ್ಗು ಚುಚ್ಚುವ ಆಸೆ ಪ್ರವಾಸಿಗೆ ಹುಟ್ಟುತ್ತದೆ. ಎರಡು ಕಾರಣಗಳಿಗಾಗಿ ಕೈ ತಡೆಯಬೇಕು.

ಮೊದಲನೆಯದು ಸುರಕ್ಷತೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಹತ್ತನೆಯ ತರಗತಿಯ ಪಾಠ ಹೇಳುತ್ತದೆ. ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಎಳೆಯುವ ಪ್ರವಾಹವನ್ನು ಕಾರು ಹತ್ತು ಗಂಟೆ ಎಡೆಬಿಡದೆ ಎಳೆಯುತ್ತದೆ. ಹಳೆಯ ಸಾಕೆಟ್ಟಿನ ಸಡಿಲ ಸಂಧಿಯಲ್ಲಿ ಅಥವಾ ಸುತ್ತಿಟ್ಟ ತೆಳು ವೈರಿನಲ್ಲಿ ಅಷ್ಟು ಹೊತ್ತು ಶಾಖ ಕೂಡಿದರೆ ಮರದ ಮನೆಗೆ ಬೆಂಕಿ ತಗಲಬಹುದು. ನಾರ್ವೆಯ ಸುರಕ್ಷತಾ ಇಲಾಖೆ ಸಾಮಾನ್ಯ ಸಾಕೆಟ್ಟನ್ನು ದಿನನಿತ್ಯದ ಚಾರ್ಜಿಗೆ ಬಳಸಬೇಡಿರೆಂದು ಹೇಳುವುದು ಇದಕ್ಕಾಗಿಯೇ.

ಎರಡನೆಯದು ನ್ಯಾಯ. 2013ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಬ್ಬ ತಂದೆ ಶನಿವಾರದ ದಿನ ಮಗನ ಟೆನಿಸ್ ಅಭ್ಯಾಸಕ್ಕೆಂದು ಶಾಲೆಗೆ ಹೋಗಿದ್ದ. ಶಾಲೆಯ ಹೊರಗೋಡೆಯ ಸಾಕೆಟ್ಟಿಗೆ ತನ್ನ ಕಾರಿನ ಪ್ಲಗ್ಗನ್ನು ಸುಮಾರು 20 ನಿಮಿಷ ಚುಚ್ಚಿದ. ಪೊಲೀಸರು ಬಂದರು. ಬಳಕೆಯಾದ ಕರೆಂಟಿನ ಬೆಲೆ ಸುಮಾರು ಐದು ಸೆಂಟ್. ಮುಂದೆ ಕಳವಿನ ಆರೋಪದ ಮೇಲೆ ಅವನನ್ನು ಬಂಧಿಸಿ, ಸುಮಾರು 15 ಗಂಟೆ ಸೆರೆಯಲ್ಲಿಟ್ಟರು. ಐದು ಸೆಂಟಿಗೆ ಇಷ್ಟೆಲ್ಲ ಬೇಕಿತ್ತೇ ಎಂದು ಆ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದೇ ಶಾಲೆಯಲ್ಲಿ ಯಾರಾದರೂ ಮೊಬೈಲು ಚುಚ್ಚಿದ್ದರೆ ಪೊಲೀಸರು ತಿರುಗಿ ನೋಡುತ್ತಿದ್ದರೇ ಎಂದು ಕೆಲವರು ಕೇಳಿದರು. ಮೊತ್ತ ಸಣ್ಣದಾದರೂ ಕೇಳದೆ ತೆಗೆದುಕೊಂಡದ್ದು ಕೇಳದೆ ತೆಗೆದುಕೊಂಡದ್ದೇ ಎಂದು ಇನ್ನು ಕೆಲವರು ಹೇಳಿದರು. ಶಿಕ್ಷೆ ಅತಿಯಾಯಿತೆಂದು ಒಪ್ಪಿದರೂ ಎರಡನೆಯ ಮಾತನ್ನು ತಳ್ಳಿಹಾಕಲು ಬರುವುದಿಲ್ಲ. ಯಜಮಾನನನ್ನು ಕೇಳಿದರೆ ಹತ್ತರಲ್ಲಿ ಆರು ಮಂದಿ ‘ಚುಚ್ಚಿಕೊಳ್ಳಿ’ ಎನ್ನಬಹುದು. ಕೇಳುವ ಒಂದು ಮಾತು ಕಳವನ್ನು ಆತಿಥ್ಯವನ್ನಾಗಿ ಮಾಡುತ್ತದೆ.

ಯಾರ ಗಂಟು?

ಪುಕ್ಕಟೆ ಕಂಬದ ಕರೆಂಟಿಗೆ ಹಣ ಕೊಟ್ಟವರು ಯಾರು? ಓಸ್ಲೋದಲ್ಲಿ ತೆರಿಗೆ ಕಟ್ಟುವ ಎಲ್ಲರೂ ಕೊಟ್ಟರು. ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ದಾದಿ, ಕಾರೇ ಇಲ್ಲದ ಮುದುಕಿ, ಪ್ರತಿಯೊಬ್ಬರೂ. ಲಾಭ ಪಡೆದವರು ಹೊಸ ಕಾರು ಕೊಳ್ಳಲು ಶಕ್ತಿಯಿದ್ದವರು. ಇದರ ಮೇಲೆ ನಾರ್ವೆಯಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಇನ್ನೊಂದು ವಿಪರ್ಯಾಸವೂ ಉಂಟು. ಇಷ್ಟೆಲ್ಲ ರಿಯಾಯಿತಿ ಕೊಡುವಷ್ಟು ಆ ದೇಶದ ಬೊಕ್ಕಸ ತುಂಬಿದ್ದು 1969ರಲ್ಲಿ ಉತ್ತರ ಸಮುದ್ರದಲ್ಲಿ ಸಿಕ್ಕ ಎಣ್ಣೆಯಿಂದ. ತನ್ನ ಬೀದಿಯಲ್ಲಿ ಹೊಗೆ ಬೇಡವೆನ್ನುವ ನಾಡು ಎಣ್ಣೆ, ಅನಿಲವನ್ನು ಹೊರದೇಶಗಳಿಗೆ ಇಂದಿಗೂ ಮಾರುತ್ತಿದೆ.

ಹಾಗೆಂದು ಆ ಪುಕ್ಕಟೆ ಕಂಬಗಳು ವ್ಯರ್ಥವಾದವು ಎನ್ನಲಾಗದು. ಹೊಸ ಗಿಡಕ್ಕೆ ಮೊದಲೆರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಬೇಕು. ಬೇರು ಇಳಿದ ಮೇಲೂ ಹೊರುತ್ತಲೇ ಇದ್ದರೆ ಅದು ಗಿಡದ ಆರೈಕೆಯಾಗದೆ ಬರೀ ಅಭ್ಯಾಸವಾಗುತ್ತದೆ. ನಾರ್ವೆ ಬೇರು ಇಳಿಯುವವರೆಗೆ ಹೊತ್ತಿತು, ಇಳಿದ ಮೇಲೆ ಕೊಡ ಕೆಳಗಿಟ್ಟಿತು. ನಿಲ್ಲಿಸುವ ಹೊತ್ತು ಯಾವುದೆಂದು ತಿಳಿಯುವುದು ಕೊಡುವುದಕ್ಕಿಂತ ಕಷ್ಟದ ವಿದ್ಯೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. 2,000 ಕಿಲೋ ತೂಕದ ವಿದ್ಯುತ್ ಕಾರೊಂದು ನಮ್ಮ ಘಟ್ಟದ ಮೇಲಿಂದ ಕರಾವಳಿಯ ಕಡೆಗೆ 500 ಮೀಟರ್ ಇಳಿಯುತ್ತದೆ. ಬೆಟ್ಟ ಅದಕ್ಕೆ ಹಿಂದಿರುಗಿಸುವ ಶಕ್ತಿ ಎಷ್ಟು ಯೂನಿಟ್? ಎರಡೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಬಂದರೆ ಉತ್ತರ ಸರಿ. ಹತ್ತಿರದ ಬಂಧುಗಳ ಮನೆಯಲ್ಲಿ ಅಂಥ ಕಾರಿದ್ದರೆ ಮುಂದಿನ ರಜೆಯಲ್ಲಿ ಘಟ್ಟದ ಮೇಲೊಮ್ಮೆ, ಕೆಳಗೊಮ್ಮೆ ಬ್ಯಾಟರಿಯ ಅಂಕಿ ಬರೆದುಕೊಂಡು ತಾಳೆ ನೋಡಬಹುದು. ಎರಡು ಅಂಕಿಗಳೂ ಏಕೆ ಪೂರ್ತಿ ಹೊಂದುವುದಿಲ್ಲ, ನಡುವೆ ಕಳೆದುಹೋದದ್ದು ಎಲ್ಲಿಗೆ ಹೋಯಿತು ಎಂದು ಅಪ್ಪ ಅಮ್ಮಂದಿರೊಡನೆ ಕೂತು ಹುಡುಕಿದರೆ ಆ ಪ್ರವಾಸದ ಖರ್ಚು ದಕ್ಕಿದಂತೆ.